ಸಹಜವೇ ಕಾಯಿಲೆಯಾಗಿ ಕಂಡಾಗ

ಬಸ್ ನಿಲ್ದಾಣದ ಶೌಚಾಲಯದ ಒಳಗೋಡೆ, ಮೇಲ್ಸೇತುವೆಯ ಕಂಬ, ಖಾಲಿ ನಿವೇಶನದ ಕಾಂಪೌಂಡು: ಬೆಂಗಳೂರಿನಲ್ಲಿ ‘ಗುಪ್ತರೋಗ’, ‘ನರದೌರ್ಬಲ್ಯ’ ಎಂಬ ಮಾತುಗಳು ಹುಡುಗರ ಕಣ್ಣಿಗೆ ಬೀಳುವುದು ಇಂಥ ಜಾಗಗಳಲ್ಲಿ. ಜಯನಗರದಿಂದ ಬನಶಂಕರಿ, ಜೆ.ಪಿ. ನಗರದವರೆಗೆ ಹರಡಿದ ದಕ್ಷಿಣ ಭಾಗದಲ್ಲಿ ಆಸ್ಪತ್ರೆಗಳಿಗಾಗಲಿ ತಜ್ಞರಿಗಾಗಲಿ ಬರವಿಲ್ಲ. ಬಿಟಿಎಂ ಬಡಾವಣೆಯ ಪಿ.ಜಿ.ಗಳಲ್ಲಿ ನೆಲೆಸಿರುವ ಹೊರಊರಿನ ಯುವಕರ ಕೈಯಲ್ಲಿ ಮೊಬೈಲೂ ಇದೆ. ಆದರೂ ತಮ್ಮ ದೇಹದ ಬಗೆಗಿನ ಸರಳ ಪ್ರಶ್ನೆಯನ್ನು ವೈದ್ಯರ ಮುಂದಿಡಲು ಅನೇಕರು ನಾಚುತ್ತಾರೆ. ಗೋಡೆಬರಹದ ಫೋನ್ ನಂಬರಿಗೆ ಗಿರಾಕಿಗಳು ಸಿಗುವುದು ಈ ನಾಚಿಕೆಯಿಂದಲೇ. ಗಂಡು ದೇಹದಲ್ಲಿ ಯಾವುದು ಸಹಜ ಎಂಬುದನ್ನು ಮನೆ, ಶಾಲೆಗಳೆರಡೂ ಹೇಳಿಕೊಡದೆ ಉಳಿದ ಪರಿಣಾಮವಿದು.

ಸಹಜತೆಯ ವ್ಯಾಪ್ತಿ

ಆತಂಕ ಹುಟ್ಟಿಸುವ ಅನೇಕ ಸಂಗತಿಗಳು ದೇಹರಚನೆಯ ಸಾಮಾನ್ಯ ಲಕ್ಷಣಗಳೇ. ವೃಷಣಗಳೆರಡೂ ಒಂದೇ ಮಟ್ಟದಲ್ಲಿರುವುದು ಅಪರೂಪ; ಸಾಮಾನ್ಯವಾಗಿ ಎಡಗಡೆಯದು ತುಸು ಕೆಳಗಿರುತ್ತದೆ. ವೀರ್ಯಾಣು ತಯಾರಾಗಲು ದೇಹದ ಉಷ್ಣತೆಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಬಿಸಿ ಬೇಕು. ಅದಕ್ಕೆಂದೇ ವೃಷಣಚೀಲ ಚಳಿಗೆ ಸಂಕುಚಿಸಿ ಮೇಲೇರುತ್ತದೆ, ಸೆಕೆಗೆ ಸಡಿಲಗೊಂಡು ಇಳಿಯುತ್ತದೆ. ಶಿಶ್ನದ ತುದಿಯ ಅಂಚಿನಲ್ಲಿ ಸಾಲಾಗಿ ಕಾಣುವ ಮುತ್ತಿನಂಥ ಸಣ್ಣ ಉಬ್ಬುಗಳಾಗಲಿ, ಚರ್ಮದ ಮೇಲಿನ ತಿಳಿಹಳದಿ ಎಣ್ಣೆಗ್ರಂಥಿಗಳಾಗಲಿ ಲೈಂಗಿಕ ರೋಗದ ಗುರುತಲ್ಲ. ಅವು ಅಂಟುವುದಿಲ್ಲ, ಅವಕ್ಕೆ ಔಷಧವೂ ಬೇಕಿಲ್ಲ. ಬೆಳಗಿನ ಉದ್ರೇಕ ನಿದ್ದೆಯ ಸಹಜ ಭಾಗ. ನವಜಾತ ಶಿಶುವಿನ ಮುಂದೊಗಲು ಹಿಂದೆ ಸರಿಯದಿರುವುದು ಸಾಮಾನ್ಯ. ಬೆಳೆಯುತ್ತ ಅದು ತಾನಾಗಿ ಸಡಿಲವಾಗುತ್ತದೆ. ಸ್ನಾನ ಮಾಡಿಸುವಾಗ ಬಲವಂತವಾಗಿ ಎಳೆದರೆ ಗಾಯವಾಗಿ ನಿಜವಾದ ತೊಂದರೆ ಶುರುವಾಗಬಹುದು. ಹರೆಯದ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎದೆ ಸ್ವಲ್ಪ ಊದಿಕೊಳ್ಳುತ್ತದೆ. ಒಂದೆರಡು ವರ್ಷಗಳಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ.

ಗಾತ್ರದ ಚಿಂತೆಯೂ ಇಂಥದ್ದೇ. ಹಲವು ದೇಶಗಳಲ್ಲಿ ವೈದ್ಯಕೀಯ ಸಿಬ್ಬಂದಿ ತೆಗೆದುಕೊಂಡ 15,521ರಷ್ಟು ಗಂಡಸರ ಅಳತೆಗಳನ್ನು ಒಟ್ಟುಗೂಡಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಡಿಲ ಸ್ಥಿತಿಯಲ್ಲಿ ಸರಾಸರಿ ಉದ್ದ ಸುಮಾರು 9 ಸೆಂ.ಮೀ., ಉದ್ರೇಕದಲ್ಲಿ ಸುಮಾರು 13 ಸೆಂ.ಮೀ. ಮೊಬೈಲ್ ತೋರಿಸುವ ದೇಹಗಳನ್ನೇ ಅಳತೆಗೋಲು ಮಾಡಿಕೊಂಡವರಿಗೆ ಈ ಅಂಕಿಗಳು ತಲುಪಿಲ್ಲ.

ಭಯದ ಬೇರುಗಳು

ಆಯುರ್ವೇದದ ಸಪ್ತಧಾತುಗಳಲ್ಲಿ ಶುಕ್ರ ಕೊನೆಯದು, ಉಳಿದವುಗಳ ಸಾರ. ಜನರ ಬಾಯಲ್ಲಿ ಅದು ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯವೆಂಬ ಲೆಕ್ಕವಾಯಿತು. ಬ್ರಹ್ಮಚರ್ಯದ ಉಪದೇಶ, ಗರಡಿಮನೆಯ ಶಿಸ್ತು ಅದನ್ನು ಗಟ್ಟಿಗೊಳಿಸಿದವು. ಸ್ವಪ್ನಸ್ಖಲನದಿಂದ ಶಕ್ತಿಯೇ ಸೋರಿಹೋಯಿತೆಂದು ನಂಬಿ ಸುಸ್ತು, ನಿದ್ರಾಹೀನತೆಗಳಿಂದ ನರಳುವ ಸ್ಥಿತಿಗೆ ಭಾರತೀಯ ಮನೋವೈದ್ಯರೊಬ್ಬರು 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. ವೀರ್ಯ ದೇಹ ಮತ್ತೆ ಮತ್ತೆ ತಯಾರಿಸಿಕೊಳ್ಳುವ ದ್ರವ. ಅದಕ್ಕಾಗಿ ರಕ್ತ ಬರಿದಾಗುವುದಿಲ್ಲ. ಆದರೆ ಹೀಗೆ ನರಳುವ ಯುವಕನ ಸಂಕಟ ಸುಳ್ಳಲ್ಲ. ಅದರ ಜೊತೆಗೆ ಆತಂಕ, ಖಿನ್ನತೆಗಳೂ ಇರಬಹುದಾದ್ದರಿಂದ ನಕ್ಕು ಕಳಿಸುವುದು ಚಿಕಿತ್ಸೆಯಾಗದು.

ವೈದ್ಯ ಲೇಖಕಿಯೊಬ್ಬರ ‘ವಧುವಿಗೆ ಕಿವಿಮಾತು’ ಕನ್ನಡದ ಹೆಣ್ಣುಮಕ್ಕಳಿಗೆ ನೆರವಾಯಿತು. ವರನಿಗಾಗಿ ಅಷ್ಟೇ ಮನೆಮಾತಾದ ಪುಸ್ತಕ ಬರಲಿಲ್ಲ. ಹತ್ತನೇ ತರಗತಿಯ ಪಠ್ಯಪುಸ್ತಕದ ಚಿತ್ರ ಒಳಗಿನ ನಾಳಗಳನ್ನು ತೋರಿಸುತ್ತದೆ, ಹುಡುಗ ಕನ್ನಡಿಯ ಮುಂದೆ ಕೇಳಿಕೊಳ್ಳುವ ಪ್ರಶ್ನೆಗೆ ಉತ್ತರಿಸುವುದಿಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ವಿವಾದಕ್ಕೆ ಸಿಕ್ಕಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಕಾನೂನು ಇದೆ, ಜಾಹೀರಾತೂ ಇದೆ

ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಹೇಳುವ ಔಷಧಗಳ ಜಾಹೀರಾತನ್ನು 1954ರ ಆಕ್ಷೇಪಾರ್ಹ ಜಾಹೀರಾತು ತಡೆ ಕಾಯ್ದೆ ನಿಷೇಧಿಸಿದೆ. ಔಷಧ ನಿಯಮಗಳ ‘ಜೆ’ ಅನುಸೂಚಿಯ ಪ್ರಕಾರ ಜನನಾಂಗದ ಗಾತ್ರ, ಆಕಾರ ಸುಧಾರಿಸುವುದಾಗಿ ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದರ ವಿರುದ್ಧ ರಾಜ್ಯದ್ದೇ 1981ರ ಕಾಯ್ದೆಯಿದೆ. ಆದರೂ ಈ ವ್ಯಾಪಾರ ನಿಂತಿಲ್ಲ. ಮೋಸಹೋದವನು ದೂರು ಕೊಡಬೇಕಾದರೆ ತನ್ನ ಗುಟ್ಟನ್ನೇ ಹೊರಗಿಡಬೇಕು. ವ್ಯಾಪಾರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆಯಿಲ್ಲ.

ತೂಗಿ ನೋಡಿದರೆ

ಮಕ್ಕಳ ಮುಂದೆ ಇದನ್ನೆಲ್ಲ ತೆರೆದಿಟ್ಟರೆ ಕುತೂಹಲ ಕೆರಳುತ್ತದೆ ಎಂಬ ಪೋಷಕರ ಅಳುಕನ್ನು ತಳ್ಳಿಹಾಕಬೇಕಿಲ್ಲ. ಯಾವ ವಯಸ್ಸಿಗೆ ಎಷ್ಟು ಎಂಬ ವಿವೇಕ ಅಗತ್ಯ. ಎಲ್ಲವೂ ಸಹಜ ಎಂಬ ಸಾರಾಸಗಟು ಸಮಾಧಾನವೂ ಅಪಾಯಕಾರಿ. ವೃಷಣದಲ್ಲಿ ದಿಢೀರನೆ ತೀವ್ರ ನೋವು ಬಂದರೆ ಅದು ತಿರುಚಿಕೊಂಡಿರಬಹುದು; ಅದನ್ನು ಉಳಿಸಿಕೊಳ್ಳಲು ಇರುವ ಉತ್ತಮ ಅವಕಾಶ ಸುಮಾರು 6 ಗಂಟೆಗಳದ್ದು. ನೋವಿಲ್ಲದ ಗಟ್ಟಿ ಗಂಟು, ಮೂತ್ರದಲ್ಲಿ ರಕ್ತ, ಮಾಯದ ಹುಣ್ಣು, ಆರು ತಿಂಗಳಾದರೂ ಕೆಳಗಿಳಿಯದ ಮಗುವಿನ ವೃಷಣ: ಇವಕ್ಕೂ ವೈದ್ಯರ ಪರೀಕ್ಷೆ ಬೇಕೇಬೇಕು.

ಆದ್ದರಿಂದ ಪ್ರೌಢಶಾಲೆಯ ಹುಡುಗರಿಗೆ ಎರಡು ಪಟ್ಟಿಗಳನ್ನು ಹೇಳಿಕೊಡಬೇಕು: ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ತಡಮಾಡಬಾರದು. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಕಾಯ್ದೆಯಾಗಲಿ ಬೇಡ. ಜೀವಶಾಸ್ತ್ರದ ಒಂದು ಪಾಠದ ಅವಧಿ ಸಾಕು. ಮನೆಯಲ್ಲಿ ಅಪ್ಪನೋ ಅಣ್ಣನೋ ಸೋದರಮಾವನೋ ಮುಜುಗರ ಬಿಟ್ಟು ಮಾತಾಡಿದರೆ ಇನ್ನೂ ಒಳ್ಳೆಯದು.