ನೀರು ಕೆಳಗಿನವರಿಗೆ, ದಾರಿ ಮೇಲಿನವರಿಗೆ

ನನ್ನದು ಸಿಂದಗಿ ತಾಲೂಕಿನಲ್ಲಿ 4 ಎಕರೆ 20 ಗುಂಟೆ ಎರಿ ಹೊಲ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ, ಕಡಲೆ. ಹೊಲದ ಕೆಳಗಿನ ಬದುವಿಗೆ ಹತ್ತಿಯೇ ಕಾಲುವೆ ಹೋಗಿದೆ. ಅದನ್ನು ತೋಡುವಾಗ ನಾನೂ ಬುಟ್ಟಿ ಹೊತ್ತು ಕೂಲಿ ಮಾಡಿದ್ದೇನೆ. ಆದರೆ ನನ್ನ ಹೊಲ ಕಾಲುವೆಗಿಂತ ಎತ್ತರದಲ್ಲಿದೆ, ನೀರು ಏರಿ ಬರುವುದಿಲ್ಲ. ಕೆಳಗಿನವರ ಕಬ್ಬು ಹಸಿರಾಗಿ ನಿಂತಾಗ ನನ್ನ ತೊಗರಿ ಮುಗಿಲು ನೋಡುತ್ತಿರುತ್ತದೆ. ‘ಕಾಲುವಿಯಿಂದ ನಿನಗೇನು ಬಂತೋ ತಮ್ಮಾ?’ ಎಂದು ಯಾರಾದರೂ ಕೇಳಿದರೆ ಬಹಳ ವರ್ಷ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ನನಗೆ ದಾರಿ ಬಂತು.

ಹೋದ ಚಳಿಗಾಲದಲ್ಲಿ ಒಂದು ದಿನ ಮುಂಜಾನೆ ಮೂರು ಮಂದಿ ಹುಡುಗರು ಗೇರ್ ಸೈಕಲ್ ಮೇಲೆ ದಂಡೆ ಹಿಡಿದು ಬಂದರು. ತಲೆಗೆ ಹೆಲ್ಮೆಟ್, ಮೈಗೆ ಬಿಗಿ ಅಂಗಿ. ಕುಡಿಯಲು ನೀರು ಕೇಳಿದರು.

‘ಕಾಕಾ, ಈ ದಂಡಿ ಎಲ್ಲೀತನ ಹೋಗತೈತ್ರಿ?’

‘ನಿಮ್ಮ ಕಾಲಾಗ ಕಸುವು ಇರೂತನ ಹೋಗತೈತ್ರಪಾ’ ಅಂದೆ.

ಅವರು ವಿಜಯಪುರದವರು. ಸಿಂದಗಿ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 50. ಲಾರಿ, ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ಅಲ್ಲಿ ಸೈಕಲ್ ಹೊಡೆಯುವುದಕ್ಕೆ ಜೀವ ಹೆದರುತ್ತದೆ, ಅದಕ್ಕೇ ಕಾಲುವೆ ಹುಡುಕಿಕೊಂಡು ಬಂದೆವು ಎಂದರು. ನನಗೆ ನಗು ಬಂತು. ಅವರು ಹೊಸದಾಗಿ ಕಂಡ ಈ ದಾರಿಯಲ್ಲಿ ನಾನು ಇಪ್ಪತ್ತು ವರ್ಷದಿಂದ ಹಳೆಯ ಅಟ್ಲಾಸ್ ಸೈಕಲ್ ತುಳಿಯುತ್ತಿದ್ದೇನೆ.

ಏರಿಲ್ಲದ ದಾರಿ

ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟರು. ಅಲ್ಲಿಂದ ಕೃಷ್ಣೆಯ ನೀರು ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಬಸವಸಾಗರದ ಎಡದಂಡೆ ಕಾಲುವೆ 78 ಕಿ.ಮೀ. ಅದರಿಂದ ಕವಲೊಡೆದು ಸಿಂದಗಿ, ಇಂಡಿ ಕಡೆ ಬರುವ ಇಂಡಿ ಶಾಖಾ ಕಾಲುವೆ ಒಂದೇ 172 ಕಿ.ಮೀ. ಉದ್ದ. ಮುದ್ದೇಬಿಹಾಳದ ಕಡೆ ಆಲಮಟ್ಟಿ ಎಡದಂಡೆ ಕಾಲುವೆ, ಬಸವನ ಬಾಗೇವಾಡಿ ಕಡೆ ಮುಳವಾಡ ಏತ ನೀರಾವರಿಯ ಕಾಲುವೆಗಳು ಇವೆ. ದೊಡ್ಡ ಕಾಲುವೆ ಹೋದಲ್ಲೆಲ್ಲ ಅದರ ದಂಡೆಯ ಮೇಲೆ ಒಂದು ತಪಾಸಣೆ ದಾರಿ ಇರುತ್ತದೆ. ಎಂಜಿನಿಯರರ ಜೀಪು ಓಡಾಡಲಿ, ಒಡೆದಲ್ಲಿ ದುರಸ್ತಿ ಮಾಡಲು ಬರಲಿ ಎಂದು ಮಾಡಿದ್ದು.

ಈ ದಾರಿಯ ಗುಣ ಸೈಕಲ್ ತುಳಿಯುವವನಿಗೇ ಗೊತ್ತು. ಕಾಲುವೆಯ ನೀರು ತಾನಾಗಿ ಹರಿಯಬೇಕು. ಅದಕ್ಕಾಗಿ ಸಾವಿರಾರು ಅಡಿ ಹೋದರೂ ಒಂದು ಅಡಿಯಷ್ಟೇ ಇಳಿಯುವ ಹಾಗೆ, ನೆಲದ ಒಂದೇ ಮಟ್ಟ ಹಿಡಿದು ಗುಡ್ಡ ಸುತ್ತಿಸಿ ಅದನ್ನು ಒಯ್ದಿರುತ್ತಾರೆ. ನೀರಿನ ಜೊತೆ ಹೋದರೂ ಅಷ್ಟೇ, ಎದುರಿಗೆ ಹೋದರೂ ಅಷ್ಟೇ, ಏರು ಹತ್ತಿದ್ದೇ ಗೊತ್ತಾಗುವುದಿಲ್ಲ. ನಮ್ಮೂರಿಂದ ಹೈಸ್ಕೂಲಿಗೆ ಡಾಂಬರು ರಸ್ತೆಯಲ್ಲಿ 5 ಕಿ.ಮೀ., ನಡುವೆ ಎರಡು ದೊಡ್ಡ ಏರು. ದಂಡೆ ಹಿಡಿದರೆ 6 ಕಿ.ಮೀ. ಒಂದು ಕಿ.ಮೀ. ಹೆಚ್ಚು, ಆದರೆ ಹತ್ತು ನಿಮಿಷ ಮೊದಲೇ ಮುಟ್ಟುತ್ತೇವೆ, ಅದೂ ಏದುಸಿರಿಲ್ಲದೆ.

ಇದನ್ನು ಮೊದಲು ಕಂಡುಕೊಂಡವರು ಶಾಲೆಯ ಮಕ್ಕಳು. 2006-07ರಲ್ಲಿ ಸರ್ಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಸುರು ಮಾಡಿತು. ಅಲ್ಲಿಯವರೆಗೆ ನಮ್ಮ ಓಣಿಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಹೆಣ್ಣುಮಕ್ಕಳು ಕಳೆ ತೆಗೆಯಲು ಹೋಗುತ್ತಿದ್ದರು. ನಾನೂ ಏಳಕ್ಕೇ ಬಿಟ್ಟವನು. ಸೈಕಲ್ ಬಂದ ಮೇಲೆ ಲಾರಿ ಓಡಾಡುವ ರಸ್ತೆಗೆ ಮಗಳನ್ನು ಕಳಿಸಲು ಒಪ್ಪದ ತಂದೆ-ತಾಯಿ ದಂಡೆಯ ಮೇಲಾದರೆ ಕಳಿಸಿದರು. ನಾಲ್ಕೈದು ಹುಡುಗಿಯರು ಒಂದರ ಹಿಂದೊಂದು ಗಂಟೆ ಬಾರಿಸುತ್ತ ಹೋಗುವುದನ್ನು ಹೊಲದಿಂದ ನೋಡುತ್ತಿದ್ದೆ.

ನಾನು ಮಾಡಿದ ತಪ್ಪು

ಇಷ್ಟೆಲ್ಲ ಗೊತ್ತಿದ್ದೂ ನಾನೇ ಆ ದಾರಿ ಕೆಡಿಸಿದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಲೇಖನಕ್ಕೆ ಅರ್ಥವಿಲ್ಲ.

2019ರ ಮುಂಗಾರಿಗೆ ಹರಗುವಾಗ ಬದು ದಾಟಿ ತಪಾಸಣೆ ದಾರಿಯ ಅರ್ಧ ಅಗಲ ಸೇರಿಸಿಕೊಂಡೆ. ಅಕ್ಕಪಕ್ಕದವರೂ ಸೇರಿಸಿದ್ದರು. ‘ನೀರಂತೂ ಸಿಗಲಿಲ್ಲ, ನೆಲವಾದರೂ ಸಿಗಲಿ’ ಎಂಬ ಸಿಟ್ಟು ಒಳಗೆ ಇತ್ತು. ತೊಗರಿ ಬಿತ್ತಿ, ದನ ನುಗ್ಗಬಾರದೆಂದು ಜಾಲಿ ಕಂಟಿ ಕಡಿದು ದಾರಿಯ ಮೇಲೆ ಹಚ್ಚಿದೆ. ಸೈಕಲ್ ಹೋಗಲು ಕಾಲುವೆಯ ಅಂಚಿನಲ್ಲಿ ಎರಡು ಮೊಳ ಜಾಗ ಉಳಿಯಿತು.

ಆಗಸ್ಟ್‌ನಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು. ನಮ್ಮ ಓಣಿಯ ಹುಡುಗಿ, ಒಂಬತ್ತನೆಯ ಇಯತ್ತೆಯವಳು, ಕಂಟಿ ತಪ್ಪಿಸಲು ಹೋಗಿ ಸೈಕಲ್ ಸಮೇತ ಜಾರಿದಳು. ಕಾಲುವೆಯ ಸಿಮೆಂಟ್ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲ ಗಂಡಸೇ ಮೇಲೆ ಹತ್ತಲಾರ. ಅವಳ ದೈವ, ಇಪ್ಪತ್ತು ಮಾರು ಕೆಳಗೆ ಇಬ್ಬರು ಕುರಿಗಾರರಿದ್ದರು. ಕಂಬಳಿಯ ಒಂದು ತುದಿ ಹಿಡಿದು ಇನ್ನೊಂದು ತುದಿ ಒಗೆದರು. ಅವಳು ಹಿಡಿದುಕೊಂಡಳು, ಎಳೆದರು. ಸೈಕಲ್ ಸಿಕ್ಕಿದ್ದು ಸರದಿ ಪ್ರಕಾರ ನೀರು ಬಂದ್ ಆದ ಮೇಲೆ.

ಆಕೆಯ ತಂದೆ ಶಾಲೆ ಬಿಡಿಸಿದ. ‘ಉಳದದ್ದ ದೊಡ್ಡದು, ಇನ್ನ ಸಾಕು’ ಅಂದ. ಎರಡು ದಿನ ನನಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋದೆ.

‘ತಪ್ಪು ನಂದೈತಿ. ಕಂಟಿ ಹಚ್ಚಿದಾಂವ ನಾ’ ಅಂದೆ.

ಆತ ಬೈಯಲಿಲ್ಲ. ‘ಹಂಗಾರ ದಾರಿ ಬಿಡು. ಆಮ್ಯಾಲ ಶಾಲಿ ಮಾತು’ ಅಂದ.

ಅಂದೇ ಸಂಜೆ ಕಂಟಿ ಸುಟ್ಟೆ, ಮೊಳಕಾಲುದ್ದ ತೊಗರಿ ಕಿತ್ತು ದನಕ್ಕೆ ಹಾಕಿದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಉದ್ದ 120 ಮೀಟರ್, ಅಗಲ 2 ಮೀಟರ್. ಎರಡೂವರೆ ಗುಂಟೆಯೂ ಆಗಲಿಲ್ಲ. ನಮ್ಮಲ್ಲಿ ಒಳ್ಳೆಯ ಮಳೆಯಾದರೆ ಎಕರೆಗೆ 4 ಕ್ವಿಂಟಲ್ ತೊಗರಿ. ಅಂದರೆ 24 ಕಿಲೋ ತೊಗರಿಯ ಆಸೆಗೆ ಒಂದು ಮಗುವಿನ ಜೀವ ಪಣಕ್ಕಿಟ್ಟಿದ್ದೆ. ಪಕ್ಕದ ಮೂವರಿಗೆ ಇದೇ ಲೆಕ್ಕ ಹೇಳಿದೆ. ಇಬ್ಬರು ಬಿಟ್ಟರು. ಮೂರನೆಯವ ಒಂದು ವರ್ಷ ತಡೆದು ಬಿಟ್ಟ. ನಾಲ್ಕು ಟ್ರ್ಯಾಲಿ ಗರಸು ಹಾಕಿ ಹಳ್ಳ ತುಂಬಿದೆವು. ಹುಡುಗಿ ತಿಂಗಳ ನಂತರ ಶಾಲೆಗೆ ಹೋದಳು. ಹತ್ತನೆಯ ಇಯತ್ತೆ ಪಾಸಾಗಿ ಮುಂದೂ ಓದಿದಳು.

ತುಳಿಯುವವರಿಗೆ ನಾಲ್ಕು ಮಾತು

1. ಯಾವಾಗಲೂ ಹೊಲದ ಮಗ್ಗುಲು ಹಿಡಿಯಿರಿ, ನೀರಿನ ಮಗ್ಗುಲು ಬೇಡ. ಇಬ್ಬರು ಜೋಡಿಯಾಗಿ ಹೋಗಬೇಡಿ, ಒಬ್ಬರ ಹಿಂದೆ ಒಬ್ಬರು ಹೋಗಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಇಳಿದು ಹೊಲದ ಕಡೆ ನಿಲ್ಲಿರಿ.

2. ಮಳೆಯಾದ ಮರುದಿನ ಎರಿ ಮಣ್ಣಿನ ದಂಡೆಗೆ ಹೋಗಬೇಡಿ. ಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿಯೇ ತಿರುಗುವುದಿಲ್ಲ, ಸೈಕಲ್ ನಮ್ಮ ಹೆಗಲೇರುತ್ತದೆ. ಗರಸು ಹಾಕಿದ ಕಡೆ ಅಡ್ಡಿಯಿಲ್ಲ.

3. ಜಾಲಿ ಮುಳ್ಳು ನಮ್ಮ ಕಡೆಯ ದೊಡ್ಡ ಶತ್ರು. ಪಂಪು, ಪಂಕ್ಚರ್ ಸಾಮಾನು ಜೊತೆಗಿರಲಿ. ಟಾಯರ್ ಸವೆಯುವವರೆಗೆ ಕಾಯಬೇಡಿ.

4. ಮುಖ ತೊಳೆಯಲು ಸಿಮೆಂಟ್ ಇಳಿಜಾರಿಗೆ ಇಳಿಯಲೇಬೇಡಿ. ಮೆಟ್ಟಿಲಿದ್ದಲ್ಲಿ ಮಾತ್ರ ಇಳಿಯಿರಿ. ಯಾರಾದರೂ ಬಿದ್ದರೆ ಹಿಂದೆ ಜಿಗಿಯಬೇಡಿ. ಹಗ್ಗ, ಸೀರೆ, ಧೋತರ, ಕಂಬಳಿ ಏನಿದ್ದರೂ ಒಗೆಯಿರಿ. ನನ್ನ ಕ್ಯಾರಿಯರಿಗೆ ಈಗ ಸದಾ ಒಂದು ಹಗ್ಗ ಸುತ್ತಿರುತ್ತದೆ.

ಹಳ್ಳ ಅಡ್ಡ ಬಂದು ಕಾಲುವೆ ಸೇತುವೆಯ ಮೇಲೆ ಹಾಯುವಲ್ಲಿ ದಾರಿ ಒಮ್ಮೊಮ್ಮೆ ಹರಿದಿರುತ್ತದೆ. ಅಲ್ಲಿ ಇಳಿದು ನೂಕಿಕೊಂಡು ಹೋಗುವುದೇ ಜಾಣತನ.

ಊರವರು ಮಾಡಬಹುದಾದದ್ದು

ಫ್ರಾನ್ಸ್ ದೇಶದಲ್ಲಿ 1681ರಲ್ಲಿ ಮುಗಿದ ಒಂದು ಕಾಲುವೆ ಇದೆ, ಕನಾಲ್ ದು ಮಿದಿ ಎಂದು ಹೆಸರು, 240 ಕಿ.ಮೀ. ಉದ್ದ. ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ್ದ ಅದರ ದಂಡೆಯ ದಾರಿಯಲ್ಲಿ ಇಂದು ದೂರದೂರದ ಜನ ಸೈಕಲ್ ತುಳಿಯಲು ಬರುತ್ತಾರೆ. ನಮ್ಮ ಜಿಲ್ಲೆಗೂ ಸೈಕಲ್ ಹೊಸದಲ್ಲ. ವಿಜಯಪುರ, ಬಾಗಲಕೋಟೆಯ ರೈತರ ಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ಪದಕ ತಂದಿದ್ದಾರೆ. ನಮಗೆ ಫ್ರಾನ್ಸಿನಷ್ಟು ಬೇಡ. ಇದ್ದ ದಾರಿ ಉಳಿದರೆ ಸಾಕು.

ದಂಡೆಯ ದಾರಿ ನನ್ನದೂ ಅಲ್ಲ, ನಿಮ್ಮದೂ ಅಲ್ಲ, ಕಾಲುವೆಯ ಜೊತೆಗಿನ ನೆಲ. ಅದನ್ನು ಹರಗುವುದು ಬಿಡೋಣ. ಅಗೆದರೆ ದಂಡೆ ಸಡಿಲಾಗುತ್ತದೆ. ಒಡೆದರೆ ಮೊದಲು ಹಾಳಾಗುವುದು ಕೆಳಗಿನವರ ಬೆಳೆ. ಗಿಡ ಹಚ್ಚುವುದಿದ್ದರೆ ನಮ್ಮ ಬದುವಿನ ಕಡೆ ಬೇವು ಹಚ್ಚೋಣ, ದಂಡೆಯ ಮೇಲೆ ಬೇಡ. ಬೇರು ಸಿಮೆಂಟ್ ಸೀಳುತ್ತದೆ. ಮಕ್ಕಳು ಓಡಾಡುವಲ್ಲಿ ಕಾಲುವೆಗೆ ಮೆಟ್ಟಿಲು, ಹಿಡಿಯಲು ಸರಪಳಿ ಹಾಕಿಕೊಡಿ ಎಂದು ಗ್ರಾಮಸಭೆಯಲ್ಲಿ ಬರೆಸಿ ನಿಗಮಕ್ಕೆ ಅರ್ಜಿ ಕೊಡೋಣ. ನಾವು ಎರಡು ಸಲ ಕೊಟ್ಟಿದ್ದೇವೆ, ಮೂರನೆಯದು ಬರೆದಿಟ್ಟಿದ್ದೇವೆ.

ನೀರು ಇಂದಿಗೂ ನನ್ನ ಹೊಲಕ್ಕೆ ಹತ್ತಿಲ್ಲ. ಆ ಬೇಸರ ಹೋಗಿಲ್ಲ. ಆದರೆ ಮುಂಜಾನೆ ಎಂಟೂವರೆಗೆ ಸೈಕಲ್ ಗಂಟೆ ಕೇಳಿದಾಗ ಕುಂಟೆ ನಿಲ್ಲಿಸಿ ಒಮ್ಮೆ ಎಣಿಸುತ್ತೇನೆ. ಈ ವರ್ಷ ಹನ್ನೊಂದು ಮಕ್ಕಳು ಹೋಗುತ್ತಿದ್ದಾರೆ, ಅದರಲ್ಲಿ ಏಳು ಹುಡುಗಿಯರು. ಸಂಜೆ ಮತ್ತೆ ಹನ್ನೊಂದು ಎಣಿಸಿದ ಮೇಲೆಯೇ ಎತ್ತು ಬಿಚ್ಚುವುದು.