ತನ್ನ ಮನೆಗೆ ತಾನೇ ಪರಕೀಯನಾದವನು

ರೋಜರ್ ಮೂರ್ ಎಂಬ ಆಂಗ್ಲ ನಟನ ಹೆಸರನ್ನೆತ್ತಿದೊಡನೆ ವಾಚಕರಲ್ಲಿ ಅನೇಕರಿಗೆ ಜೇಮ್ಸ್ ಬಾಂಡನ ನೆನಪಾಗುವುದು ಸಹಜ. ೧೯೭೩ರಿಂದ ೧೯೮೫ರ ವರೆಗೆ ಏಳು ಚಿತ್ರಗಳಲ್ಲಿ ಆ ಗೂಢಚಾರನ ಪಾತ್ರವನ್ನು ವಹಿಸಿ, ಹುಬ್ಬೊಂದನ್ನು ಮೇಲೇರಿಸಿ ಮುಗುಳ್ನಗುವುದರಿಂದಲೇ ಆತನು ಲೋಕಪ್ರಸಿದ್ಧನಾದನು. ಆದರೆ ತನಗೆ ನಿಜವಾಗಿ ನಟಿಸುವ ಅವಕಾಶ ದೊರೆತದ್ದು ಅದಕ್ಕೂ ಹಿಂದಿನ ಬೇರೊಂದು ಚಿತ್ರದಲ್ಲಿ ಎಂದು ಆತನೇ ಹೇಳಿಕೊಳ್ಳುತ್ತಿದ್ದನು. ಅದು ೧೯೭೦ರಲ್ಲಿ ತೆರೆಕಂಡ ‘ದಿ ಮ್ಯಾನ್ ಹೂ ಹಾಂಟೆಡ್ ಹಿಮ್‌ಸೆಲ್ಫ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ತನಗೆ ತಾನೇ ಪಿಶಾಚಿಯಾಗಿ ಕಾಡಿದವನು. ಬಂದ ಕಾಲದಲ್ಲಿ ಅದಕ್ಕೆ ಹೇಳಿಕೊಳ್ಳುವಂತಹ ಜನಾದರವು ದೊರೆಯಲಿಲ್ಲ. ಮುಂದೆ ಬಾಂಡನ ಅಬ್ಬರದಲ್ಲಿ ಅದು ಮೂಲೆಗೆ ಸೇರಿತು.

ಕಥಾನಾಯಕನಾದ ಹೆರಾಲ್ಡ್ ಪೆಲ್ಹಮ್ ಲಂಡನ್ ನಗರದ ಒಬ್ಬ ಸಂಭಾವಿತ ಗೃಹಸ್ಥ. ಸಮುದ್ರಯಾನಕ್ಕೆ ಬೇಕಾದ ಯಂತ್ರಗಳನ್ನು ನಿರ್ಮಿಸುವ ಕಂಪೆನಿಯೊಂದರ ನಿರ್ದೇಶಕ. ಹೆಂಡತಿ ಮಕ್ಕಳುಳ್ಳವನು. ಉಡುವುದು, ತೊಡುವುದು, ಹೊರಡುವುದು, ಹಿಂದಿರುಗುವುದು ಎಲ್ಲವೂ ಗಡಿಯಾರದ ಮುಳ್ಳಿನಂತೆ. ಇಂಥವನು ಒಂದು ದಿನ ತನ್ನ ಗಂಭೀರವಾದ ರೋವರ್ ಗಾಡಿಯಲ್ಲಿ ಹೋಗುತ್ತಿರುವಾಗ, ಯಾವುದೋ ಆವೇಶ ಮೈದುಂಬಿದಂತೆ, ಆಸನದ ಪಟ್ಟಿಯನ್ನು ಬಿಚ್ಚೆಸೆದು ಗಾಡಿಯನ್ನು ಹುಚ್ಚುವೇಗದಲ್ಲಿ ಓಡಿಸಿ ಅಪಘಾತಕ್ಕೆ ಈಡಾಗುತ್ತಾನೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಆತನ ಹೃದಯ ನಿಂತುಹೋಗುತ್ತದೆ. ವೈದ್ಯರು ಹೇಗೋ ಅದನ್ನು ಮರಳಿ ನಡೆಯಿಸುತ್ತಾರೆ. ಆಗ ಬಡಿತವನ್ನು ತೋರಿಸುವ ಯಂತ್ರದಲ್ಲಿ ಒಂದರ ಬದಲು ಎರಡು ಬಡಿತಗಳು ಕಾಣಿಸಿಕೊಳ್ಳುತ್ತವೆ. ಯಂತ್ರದ ದೋಷವೆಂದು ಭಾವಿಸಿ ಅವರು ಸುಮ್ಮನಾಗುತ್ತಾರೆ; ಪ್ರೇಕ್ಷಕನು ಸುಮ್ಮನಾಗಲಾರನು.

ಪೆಲ್ಹಮನು ಗುಣಹೊಂದಿ ಕೆಲಸಕ್ಕೆ ಹಿಂದಿರುಗಿದ ಮೇಲೆ ಸಣ್ಣಪುಟ್ಟ ವಿಚಿತ್ರಗಳು ತಲೆದೋರುತ್ತವೆ. ತಾನು ಹೋಗದಿದ್ದ ದಿನ ಕ್ಲಬ್ಬಿನಲ್ಲಿ ತನ್ನೊಡನೆ ಆಡಿದೆವೆಂದು ಪರಿಚಿತರು ಹೇಳುತ್ತಾರೆ. ತಾನು ವಿರೋಧಿಸುತ್ತಿದ್ದ ಕಂಪೆನಿಯ ವಿಲೀನಕ್ಕೆ ತಾನೇ ಒಳಗೊಳಗೆ ಮಾತುಕತೆ ನಡೆಸಿರುವುದಾಗಿ ಗೊತ್ತಾಗುತ್ತದೆ. ಜೂಲಿ ಎಂಬ ತರುಣಿ ತನ್ನೊಡನೆ ಆಪ್ತಳಂತೆ ವರ್ತಿಸುತ್ತಾಳೆ. ಈ ‘ಇನ್ನೊಬ್ಬ’ನ ಗಾಡಿ ಲ್ಯಾಂಬರ್ಗಿನಿ. ಅದೊಂದೇ ಸಾಕು, ಎರಡು ಜೀವಗಳ ಅಂತರವನ್ನು ತಿಳಿಯಲು. ಇಲ್ಲಿ ರಕ್ತಪಾತವಿಲ್ಲ, ಕಿರುಚಾಟವಿಲ್ಲ. ಒಬ್ಬ ಮನುಷ್ಯನ ಹೆಸರು, ಉದ್ಯೋಗ, ಗೆಳೆಯರು ಒಂದೊಂದಾಗಿ ಕೈಬಿಟ್ಟು ಹೋಗುವುದನ್ನು ಮಾತ್ರ ಕಾಣುತ್ತೇವೆ.

ಇದರ ಮೂಲವು ‘ಪಂಚ್’ ಪತ್ರಿಕೆಯ ಹಾಸ್ಯಲೇಖಕನಾದ ಆಂಥೊನಿ ಆರ್ಮ್‌ಸ್ಟ್ರಾಂಗನು ೧೯೪೦ರಲ್ಲಿ ಬರೆದ ಒಂದು ಸಣ್ಣಕಥೆ. ೧೯೫೭ರಲ್ಲಿ ಆತನೇ ಅದನ್ನು ಕಾದಂಬರಿಯಾಗಿ ವಿಸ್ತರಿಸಿದನು. ಅದಕ್ಕೆ ಎರಡು ವರ್ಷ ಮುಂಚೆ, ೧೯೫೫ರಲ್ಲಿ, ಆಲ್ಫ್ರೆಡ್ ಹಿಚ್‌ಕಾಕನು ಅಮೆರಿಕದ ದೂರದರ್ಶನಕ್ಕಾಗಿ ಈ ಕಥೆಯನ್ನು ಕಿರುಚಿತ್ರವಾಗಿ ನಿರ್ದೇಶಿಸಿದ್ದನು. ಟಾಮ್ ಯೂವೆಲ್ ಅದರ ನಾಯಕ. ಅಲ್ಲಿಯ ಪೆಲ್ಹಮನು ಅವಿವಾಹಿತ. ಮನೆಯಲ್ಲಿ ಒಬ್ಬ ಸೇವಕ ಮಾತ್ರ. ಬಹುರೂಪಿಯಿಂದ ತನ್ನನ್ನು ಬೇರ್ಪಡಿಸಿಕೊಳ್ಳಬೇಕೆಂದು ಆತನು ಎಂದೂ ಧರಿಸದಂತಹ ಬಣ್ಣಬಣ್ಣದ ಟೈ ಒಂದನ್ನು ಕೊಂಡು ಕಟ್ಟಿಕೊಳ್ಳುತ್ತಾನೆ. ಆ ಟೈಯೇ ಆತನಿಗೆ ಮುಳುವಾಗುತ್ತದೆ. ನಿಜವಾದ ಯಜಮಾನನು ಇಂಥದನ್ನು ಧರಿಸಿಯಾನೆ?

೧೯೭೦ರ ಚಿತ್ರವು ಈ ಯುಕ್ತಿಯನ್ನು ಉಳಿಸಿಕೊಂಡು ಅದಕ್ಕೆ ಹೆಚ್ಚಿನ ಭಾರವನ್ನು ಹೊರಿಸಿದೆ. ಫ್ರೆಡ್ಡಿ ಜೋನ್ಸ್ ಅಭಿನಯಿಸಿರುವ ಮನೋವೈದ್ಯನು, ಕಟ್ಟುನಿಟ್ಟಿನ ಬದುಕನ್ನು ಸ್ವಲ್ಪ ಸಡಿಲಿಸೆಂದು ಪೆಲ್ಹಮನಿಗೆ ಬೋಧಿಸುತ್ತಾನೆ. ಆತನು ಅದನ್ನು ನಂಬಿ ಎಂದಿನ ಉಡುಪನ್ನು ಬಿಟ್ಟು ಬರುತ್ತಾನೆ. ಮನೆಯಲ್ಲಿ ಎಂದಿನ ಉಡುಪಿನಲ್ಲಿಯೇ ಇನ್ನೊಬ್ಬನು ಕುಳಿತಿದ್ದಾನೆ! ಈಗ ತೀರ್ಪುಗಾರರು ಸೇವಕರಲ್ಲ, ಹೆಂಡತಿ ಮಕ್ಕಳು.

ನಮ್ಮ ದಮಯಂತಿಯು ಸ್ವಯಂವರದಲ್ಲಿ ಐವರು ನಳರನ್ನು ಕಂಡು ಮೊದಲು ಕಂಗೆಟ್ಟಳು. ಬೆವರಿದವನು, ಎವೆಯಿಕ್ಕಿದವನು, ನೆಲದ ಮೇಲೆ ನೆರಳು ಬಿದ್ದವನು ಯಾರೋ ಅವನೇ ಮನುಷ್ಯನೆಂದು ಅರಿತು ಮಾಲೆ ಹಾಕಿದಳು. ಲಂಡನ್ನಿನ ಈ ಗೃಹಿಣಿಗೆ ಅಂತಹ ಗುರುತು ಯಾವುದಿದೆ? ಗಂಡನು ಬಹುಕಾಲದಿಂದ ಅವಳೊಡನೆ ಮನಸ್ಸು ಬಿಚ್ಚಿ ನಡೆದುಕೊಂಡವನಲ್ಲ. ಆಕೆ ಬಲ್ಲದ್ದು ಆತನ ವೇಳಾಪಟ್ಟಿಯನ್ನು, ಆತನ ಉಡುಪನ್ನು. ಅವೆರಡೂ ಈಗ ಎದುರಾಳಿಯ ಬಳಿಯಿವೆ. ಈವ್ ಎಂಬ ಈ ಹೆಂಡತಿಯ ಪಾತ್ರದಲ್ಲಿ ಹಿಲ್ಡೆಗಾರ್ಡ್ ನೀಲ್ ಅಭಿನಯಿಸಿದ್ದಾಳೆ. ಅವಳನ್ನು ದೂರಲು ನನಗಂತೂ ಮನಸ್ಸು ಬರಲಿಲ್ಲ. ಹಿಚ್‌ಕಾಕನ ಚಿತ್ರದಲ್ಲಿ ಕಾರಣವನ್ನೇ ಹೇಳದಿರುವುದರಿಂದ ಭಯವು ಹೆಚ್ಚು. ಅಪಘಾತವನ್ನೂ ಎರಡು ಬಡಿತಗಳನ್ನೂ ಕಾರಣವಾಗಿ ತೋರಿಸುವ ಈ ಚಿತ್ರವು ಆ ಅಂಶದಲ್ಲಿ ಸ್ವಲ್ಪ ಸೋಲುತ್ತದೆ. ಆದರೆ ಸಂಸಾರವನ್ನು ನಡುವೆ ತಂದು ನಿಲ್ಲಿಸಿದ್ದರಿಂದ ಅಲ್ಲಿಲ್ಲದ ನೋವು ಇಲ್ಲಿದೆ.

ಮೂರನ ಅಭಿನಯದ ವಿಷಯವಾಗಿ ಒಂದು ಮಾತು. ಇಲ್ಲಿ ಆತನಿಗೆ ಮೀಸೆಯುಂಟು, ಮುಗುಳ್ನಗೆ ಕಡಿಮೆ. ಅಚ್ಚುಕಟ್ಟಾದ ಮನುಷ್ಯನೊಬ್ಬನು ಬೆವರಿ, ತೊದಲಿ, ತನ್ನ ಹೆಸರನ್ನು ತಾನೇ ಸಾಧಿಸಲಾರದೆ ಕುಸಿಯುವುದನ್ನು ಆತನು ತೋರಿಸಿರುವ ಬಗೆಯನ್ನು ನೋಡಿದರೆ, ಮುಂದಿನ ವರ್ಷಗಳಲ್ಲಿ ಈತನಿಂದ ಇನ್ನೂ ಹೆಚ್ಚಿನದನ್ನು ಕೇಳಬಹುದಾಗಿತ್ತಲ್ಲಾ ಎನಿಸುವುದು. ಆತನು ೨೦೧೭ರಲ್ಲಿ ತೀರಿಕೊಂಡನು.

ನಿರ್ದೇಶಕ ಬೇಸಿಲ್ ಡಿಯರ್ಡನ್ ಹೊಸಬನಲ್ಲ. ೧೯೪೫ರ ‘ಡೆಡ್ ಆಫ್ ನೈಟ್’ ಎಂಬ ಭೂತಕಥೆಗಳ ಚಿತ್ರದಲ್ಲಿ ಆತನ ಕೈಯಿದೆ. ‘ಸಫೈರ್’, ‘ವಿಕ್ಟಿಮ್’ ಎಂಬ ಧೈರ್ಯದ ಸಾಮಾಜಿಕ ಚಿತ್ರಗಳೂ ಆತನವೇ. ಪೆಲ್ಹಮನ ಕಥೆಯೇ ಆತನ ಕಡೆಯ ಚಲಚ್ಚಿತ್ರವಾಯಿತು. ಮೋಟಾರು ಅಪಘಾತದಿಂದ ಆರಂಭವಾಗುವ ಚಿತ್ರವನ್ನು ಮುಗಿಸಿ, ಮರುವರ್ಷ ೧೯೭೧ರಲ್ಲಿ ಆತನು ಮೋಟಾರು ಅಪಘಾತದಲ್ಲಿಯೇ ಮಡಿದನು.

ಕಥೆಯ ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ಈ ಚಿತ್ರವು ಮನೆಯಲ್ಲಿ ಕುಳಿತು ನೋಡುವಂತೆ ಮುದ್ರಿಕೆಗಳಲ್ಲಿಯೂ ಬಂದಿದೆ. ನೋಡುವವರು ದೀಪವನ್ನು ಸ್ವಲ್ಪ ತಗ್ಗಿಸಿ, ಮಕ್ಕಳು ಮಲಗಿದ ಮೇಲೆ ನೋಡತಕ್ಕದ್ದು.