ಎರಡು ಬಗೆಯ ಸುವರ್ಣ ಮರಕುಟಿಗಗಳು

ತೆಂಗಿನ ಮರದಲ್ಲಿ ತೂತು ಕಂಡೊಡನೆ ಮರಕುಟಿಗ ಹಕ್ಕಿಯ ಮೇಲೆ ಅಪರಾಧ ಹೊರಿಸುವುದು ವಾಡಿಕೆ. ಆದರೆ ಹಕ್ಕಿ ಯಾವುದು, ಅದು ಬಂದುದೇಕೆ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಪಶ್ಚಿಮ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ಹೊಂಬಣ್ಣದ ಬೆನ್ನುಳ್ಳ ಎರಡು ಜಾತಿಗಳು ಕಾಣಬರುವುವು. ಒಂದು, ತೋಟಗಳಲ್ಲಿಯೂ ಬಯಲುಸೀಮೆಯಲ್ಲಿಯೂ ಸಾಮಾನ್ಯವಾದ ಸುವರ್ಣ ಮರಕುಟಿಗ; ಮತ್ತೊಂದು, ಕಾಡಿನ ಹೆಮ್ಮರಗಳನ್ನು ಆಶ್ರಯಿಸುವ ದೊಡ್ಡ ಸುವರ್ಣ ಮರಕುಟಿಗ. ಮೊದಲನೆಯದು ಸುಮಾರು 11 ಅಂಗುಲ, ಎರಡನೆಯದು ಸುಮಾರು 13 ಅಂಗುಲ ಉದ್ದ. ದೂರದಿಂದ ಈ ಅಂತರವು ತಿಳಿಯದು; ಆದುದರಿಂದ ಮೂರು ಗುರುತುಗಳನ್ನು ನೋಡಬೇಕು.

1. ಬಾಲದ ಬುಡದ ಮೇಲ್ಭಾಗವು ಚಿಕ್ಕದಕ್ಕೆ ಕಪ್ಪು, ದೊಡ್ಡದಕ್ಕೆ ಕೆಂಪು. ಹಕ್ಕಿಯು ಹಾರುವಾಗ ಇದು ಚೆನ್ನಾಗಿ ಕಾಣುವುದು.

2. ಗಂಟಲಿನಲ್ಲಿ ಚಿಕ್ಕದಕ್ಕೆ ಕಪ್ಪಿನ ಮೇಲೆ ಬಿಳಿಯ ಚುಕ್ಕೆಗಳು. ದೊಡ್ಡದಕ್ಕೆ ಬಿಳುಪಿನ ಮೇಲೆ ಕಪ್ಪು ಗೆರೆಗಳು.

3. ಹೆಣ್ಣಿನ ಜುಟ್ಟು ಚಿಕ್ಕದರಲ್ಲಿ ಹಿಂಭಾಗಕ್ಕೆ ಕೆಂಪು. ದೊಡ್ಡದರಲ್ಲಿ ಕೆಂಪಿಲ್ಲದೆ, ಕಪ್ಪಿನಲ್ಲಿ ಬಿಳಿಯ ಚುಕ್ಕೆಗಳಿರುವುವು.

ಇವೆರಡಕ್ಕೂ ಇರುವೆಗಳೂ ಮರದೊಳಗಿನ ಹುಳುಗಳೂ ಮುಖ್ಯ ಆಹಾರ. ತೋಟದ ಹಕ್ಕಿಯು ಕೋಕೋ ಕಾಯಿಗಳನ್ನು ಕೊರೆಯುವುದುಂಟು. ಆದರೆ ತೆಂಗಿನ ಕಾಂಡದ ತೂತಿನಿಂದ ಕಂದು ರಸವು ಸೋರಿ, ಅಗಿದ ನಾರು ಹೊರಬಿದ್ದಿದ್ದರೆ, ಅದು ಕೆಂಪು ಮೂತಿ ಹುಳುವಿನ ಕೆಲಸವೇ ಹೊರತು ಹಕ್ಕಿಯದಲ್ಲ. ಆಗ ಹಕ್ಕಿಯನ್ನು ಓಡಿಸುತ್ತ ಕುಳಿತರೆ ಮರವೇ ಕೈಬಿಟ್ಟು ಹೋದೀತು. ಕೂಡಲೇ ಮರಕ್ಕೆ ಚಿಕಿತ್ಸೆ ಮಾಡಿಸತಕ್ಕದ್ದು.

1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾನೂನಿನಂತೆ ಈ ಹಕ್ಕಿಗಳನ್ನು ಕೊಲ್ಲುವುದು ಅಪರಾಧ. ಹುಳು ಹಿಡಿದು ಸತ್ತ ತೆಂಗನ್ನು ತೆಗೆಸಿ ನಾಶಮಾಡಬೇಕು. ಕಾಡಿನಂಚಿನ ಒಣಮರಗಳನ್ನಾದರೋ ಹಕ್ಕಿಗಳ ಗೂಡಿಗಾಗಿ ಉಳಿಸುವುದು ಲೇಸು.